ಮಳೆ ಅಳೆಯುವ ಗಾಜಿಗೆ ಪಕ್ಷವುಂಟೆ?

(ಬದನಗುಪ್ಪೆಯ ರೈತರ ಸಭೆಯಲ್ಲಿ ಗ್ರಾಮ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಸೂರ್ಯಕಾಂತಿಗೆ ಕಳೆ ತೆಗೆಯುವ ಹೊತ್ತಿನಲ್ಲಿ ತಾವು ಕೆಲಸ ಬಿಟ್ಟು ಬಂದಿದ್ದೀರಿ. ಆದುದರಿಂದ ಮಾತನ್ನು ಬೆಳೆಸುವುದಿಲ್ಲ. ಇಂದು ನಾನು ಬೀಜದ ವಿಷಯ, ಗೊಬ್ಬರದ ವಿಷಯ ಹೇಳುವುದಕ್ಕೆ ನಿಂತಿಲ್ಲ. ಯುಗಾದಿಗೆ ಮುಂಚೆ ಇದೇ ಅರಳಿಕಟ್ಟೆಯಲ್ಲಿ ಒಂದು ಮಾತು ಅರ್ಧಕ್ಕೆ ನಿಂತುಹೋಯಿತಲ್ಲ, ಅದನ್ನು ಪೂರೈಸುವುದಕ್ಕೆ ನಿಂತಿದ್ದೇನೆ.

ಆ ದಿನ ನಾನು "ಹವಾಗುಣ ಬದಲಾಗುತ್ತಿದೆ" ಎಂದು ಬಾಯಿ ತೆರೆದದ್ದೇ ತಡ, ಹಿಂದಿನಿಂದ ಒಬ್ಬ ತಮ್ಮ ಎದ್ದು, "ಇದು ಇಂಥ ಪಕ್ಷದವರು ಹೇಳಿಸುವ ಮಾತು" ಎಂದ. ಎದುರುಗಡೆಯಿಂದ ಇನ್ನೊಬ್ಬರು, "ಹಾಗಾದರೆ ಬರ ಬಿದ್ದದ್ದು ನಿಮ್ಮ ಪಕ್ಷದವರಿಗೆ ಕಾಣಲಿಲ್ಲವೋ" ಎಂದರು. ಹತ್ತು ನಿಮಿಷದಲ್ಲಿ ಮಾತು ಹೊಲದಿಂದ ವಿಧಾನಸಭೆಗೆ ಹೋಗಿ, ಅಲ್ಲಿಂದ ದೆಹಲಿಗೆ ಹೋಯಿತು. ಮುಂದೆ ಕುಳಿತಿದ್ದ ಯಜಮಾನರೊಬ್ಬರು ಟವಲು ಕೊಡವಿ ಎದ್ದು, "ಓಟಿನ ಮಾತು ಮುಗಿದ ಮೇಲೆ ಮಳೆ ಮಾತಿಗೆ ಹೇಳಿಕಳಿಸಪ್ಪ, ಬತ್ತೀನಿ" ಎಂದು ಹೊರಟೇಹೋದರು. ಅವರು ಇಂದು ಬಂದಿದ್ದಾರೆ. ಅವರಿಗೆ ನನ್ನ ನಮಸ್ಕಾರ.

ಮೊದಲು ಒಂದು ಶಬ್ದವನ್ನು ಸರಿಮಾಡಿಕೊಳ್ಳೋಣ. ಹವಾಮಾನ ಬೇರೆ, ಹವಾಗುಣ ಬೇರೆ. ಇವತ್ತು ಬಿಸಿಲು, ನಾಳೆ ತುಂತುರು, ಇದು ಹವಾಮಾನ. ಮೂವತ್ತು ವರ್ಷದ ಮಳೆ ಬಿಸಿಲುಗಳನ್ನು ಕೂಡಿ ಸರಾಸರಿ ನೋಡಿದರೆ ತಿಳಿಯುವುದು ಹವಾಗುಣ. ಎತ್ತು ಇವತ್ತು ಒಂದು ಸಲ ಹಾಯ್ದಿತೆಂದರೆ ನೊಣ ಕಚ್ಚಿರಬಹುದು. ಹಾಯುವ ಗುಣದ ಎತ್ತು ಎನ್ನಬೇಕಾದರೆ ಬಹುದಿನ ಕಟ್ಟಿ ಸಾಕಿ ನೋಡಿರಬೇಕು. ಸಂತೆಯಲ್ಲಿ ಎತ್ತು ಹಿಡಿಯುವವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಈ ಬದಲಾವಣೆ ಎಂಬುದು ಏನು? ಕಲ್ಲಿದ್ದಲು, ಪೆಟ್ರೋಲು, ಡೀಸೆಲು ಉರಿದಾಗ ಇಂಗಾಲದ ಡೈಆಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಹಳೆಯ ಶಾಲಾ ಪುಸ್ತಕಗಳಲ್ಲಿ ಇದಕ್ಕೆ ಇಂಗಾಲಾಮ್ಲ ಎಂದಿತ್ತು. ಭೂಮಿ ಹಗಲು ಕುಡಿದ ಬಿಸಿಯನ್ನು ಹೊರಕ್ಕೆ ಬಿಡುವಾಗ ಈ ಅನಿಲವು ಕಂಬಳಿಯಂತೆ ಸ್ವಲ್ಪ ತಡೆಹಿಡಿಯುತ್ತದೆ. ಕಂಬಳಿ ಇಲ್ಲದಿದ್ದರೆ ನಾವು ಬದುಕುತ್ತಿರಲಿಲ್ಲ. ಕಂಬಳಿಯ ಮೇಲೆ ಕಂಬಳಿ ಹೊದಿಸುತ್ತ ಹೋದರೆ ಬೆವರಬೇಕಾಗುತ್ತದೆ. ಜಾನ್ ಟಿಂಡಾಲ್ ಎಂಬ ವಿಜ್ಞಾನಿ ಲಂಡನ್ನಿನಲ್ಲಿ ಈ ಅನಿಲ ಬಿಸಿಯನ್ನು ತಡೆಯುತ್ತದೆಂದು ಉಪಕರಣವಿಟ್ಟು ತೋರಿಸಿದ್ದು ೧೮೫೯ರಲ್ಲಿ. ಆ ಮಹಾರಾಯರಿಗೆ ನಮ್ಮ ಯಾವ ಪಕ್ಷದ ಗುರುತೂ ಗೊತ್ತಿರಲಿಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಅನಿಲ ಹೆಚ್ಚಿದೆಯೇ ಎಂಬುದಕ್ಕೂ ಅಳತೆಯಿದೆ. ಚಾರ್ಲ್ಸ್ ಕೀಲಿಂಗ್ ಎಂಬುವರು ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ೧೯೫೮ರಲ್ಲಿ ಅಳೆಯಲು ಆರಂಭಿಸಿದಾಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ ಸುಮಾರು ೩೧೫ ಪಾಲು ಇತ್ತು. ೨೦೨೪ರಲ್ಲಿ ಅದು ೪೨೪ರ ಆಸುಪಾಸಿಗೆ ಬಂದಿತ್ತು. ಕಾರ್ಖಾನೆಗಳ ಕಾಲಕ್ಕೆ ಮುಂಚೆ ೨೮೦ ಇದ್ದಿತು. ಆ ೨೦೨೪ನೆಯ ವರ್ಷವೇ, ಲೆಕ್ಕವಿಡಲು ಆರಂಭಿಸಿದಂದಿನಿಂದ ಅಲ್ಲಿಯವರೆಗೆ ಲೋಕಕ್ಕೂ ನಮ್ಮ ದೇಶಕ್ಕೂ ಎಲ್ಲಕ್ಕಿಂತ ಬಿಸಿಯಾದ ವರ್ಷವಾಯಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು ಏಳು ಪಾಲು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಹೊಲದ ತೇವವನ್ನು ಬೇಗ ಹೀರುವುದೂ ಅದೇ, ಸುರಿಸುವಾಗ ಒಮ್ಮೆಗೇ ಸುರಿಸಿ ಬದು ಒಡೆಯುವುದೂ ಅದೇ.

ಇಷ್ಟು ಸರಳವಾದ ಸಂಗತಿಯ ಮೇಲೆ ರಾಜಕೀಯ ಜಗಳ ಹೇಗೆ ಹತ್ತಿತು? ಇದನ್ನು ತಿಳಿಯಬೇಕಾದರೆ ಅಮೆರಿಕದವರೆಗೆ ಹೋಗಿ ಬರಬೇಕು, ಏಕೆಂದರೆ ಜಗಳದ ಬೀಜ ಬಿದ್ದ ನೆಲ ಮುಖ್ಯವಾಗಿ ಅದು.

ಮೊದಲಿಗೆ ಅಲ್ಲಿಯೂ ಇದು ಪಕ್ಷದ ಮಾತಾಗಿರಲಿಲ್ಲ. ೧೯೮೮ರಲ್ಲಿ ಜೇಮ್ಸ್ ಹ್ಯಾನ್ಸನ್ ಎಂಬ ವಿಜ್ಞಾನಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಭೂಮಿ ಬಿಸಿಯಾಗುತ್ತಿದೆಯೆಂದು ಸಾಕ್ಷ್ಯ ಹೇಳಿದರು. ಅದೇ ವರ್ಷ ನಾನಾ ದೇಶಗಳ ಸರ್ಕಾರಗಳು ಸೇರಿ ವಿಜ್ಞಾನಿಗಳ ಮಂಡಲಿಯೊಂದನ್ನು ಏರ್ಪಡಿಸಿದವು; ಐಪಿಸಿಸಿ ಎಂದು ಪತ್ರಿಕೆಯಲ್ಲಿ ಬರುತ್ತದಲ್ಲ, ಅದೇ ಇದು. ೧೯೮೯ರಲ್ಲಿ ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಈ ವಿಷಯವಾಗಿ ವಿಶ್ವಸಂಸ್ಥೆಯಲ್ಲಿ ಎಚ್ಚರಿಕೆ ಕೊಟ್ಟರು. ಅವರು ಬಲಪಂಥದವರು, ಆದರೆ ರಸಾಯನಶಾಸ್ತ್ರ ಓದಿದವರು. ೧೯೯೨ರಲ್ಲಿ ರಿಯೋ ನಗರದ ಒಪ್ಪಂದಕ್ಕೆ ಅಮೆರಿಕದ ಪರವಾಗಿ ಸಹಿ ಹಾಕಿದ ಅಧ್ಯಕ್ಷ ಜಾರ್ಜ್ ಬುಷ್ ರಿಪಬ್ಲಿಕನ್ ಪಕ್ಷದವರು. ಅಲ್ಲಿಂದಾಚೆಗೆ ಖರ್ಚಿನ ಮಾತು ಬಂದಿತು. ಕಲ್ಲಿದ್ದಲು ಕಡಮೆ ಮಾಡಬೇಕು, ಎಣ್ಣೆ ಕಡಮೆ ಮಾಡಬೇಕು, ಅದರಿಂದ ನಷ್ಟವಾಗುವವರು ಯಾರು? ಅಲ್ಲಿಗೆ ವಿಜ್ಞಾನದ ಮೇಲೆಯೇ ಅನುಮಾನ ಹುಟ್ಟಿಸುವ ಕೆಲಸ ಶುರುವಾಯಿತು. ನಮ್ಮಲ್ಲಿ ಜಮೀನಿನ ಅಳತೆಗೆ ಸರ್ವೆಯವರು ಬಂದಾಗ ಏನಾಗುತ್ತದೆ ನೋಡಿ. ಅಳತೆ ತನ್ನ ಕಡೆ ಬಂದರೆ ಸರ್ವೆಯವರು ದೇವರಂಥವರು, ಒತ್ತುವರಿ ತನ್ನದೇ ಎಂದು ಬಂದರೆ, "ಅವರ ಸರಪಳಿಯೇ ಗಿಡ್ಡ."

೨೦೧೫ರ ಫೆಬ್ರವರಿಯಲ್ಲಿ ಓಕ್ಲಹಾಮಾ ಪ್ರಾಂತದ ಸೆನೆಟರ್ ಜೇಮ್ಸ್ ಇನ್‌ಹೋಫ್ ಎಂಬುವರು ಹೊರಗೆ ಬಿದ್ದಿದ್ದ ಹಿಮವನ್ನು ಉಂಡೆ ಕಟ್ಟಿ ಸಭೆಯೊಳಕ್ಕೆ ತಂದರು. "ನೋಡಿ, ಹೊರಗೆ ಎಷ್ಟು ಚಳಿ, ಎಲ್ಲಿದೆ ನಿಮ್ಮ ಬಿಸಿ" ಎಂಬುದು ಅವರ ವಾದ. ಉಂಡೆಯನ್ನು ಅಲ್ಲೇ ಎಸೆದರು. ಆ ೨೦೧೫ನೆಯ ವರ್ಷವು ಮುಗಿದಾಗ, ಅಲ್ಲಿಯವರೆಗಿನ ಲೆಕ್ಕದಲ್ಲಿ ಲೋಕಕ್ಕೆಲ್ಲ ಅತ್ಯಂತ ಬಿಸಿಯಾದ ವರ್ಷವಾಗಿ ನಿಂತಿತು. ಆ ವರ್ಷದ ಕೊನೆಯಲ್ಲಿ ಪ್ಯಾರಿಸ್ ಒಪ್ಪಂದವಾಯಿತು. ೨೦೧೭ರಲ್ಲಿ ಅಧ್ಯಕ್ಷ ಟ್ರಂಪ್ ಅದರಿಂದ ಹೊರಬರುವೆವೆಂದರು, ೨೦೨೦ರಲ್ಲಿ ಹೊರಬಂದರು. ೨೦೨೧ರಲ್ಲಿ ಬೈಡನ್ ಮತ್ತೆ ಸೇರಿದರು. ೨೦೨೫ರ ಜನವರಿಯಲ್ಲಿ ಟ್ರಂಪ್ ಪುನಃ ಹೊರಬರುವ ಆದೇಶಕ್ಕೆ ಸಹಿ ಹಾಕಿದರು. ಮನೆ ಸೊಸೆ ತವರಿಗೆ ಹೋಗಿ ಬಂದಂತೆ ಆಯಿತು. ಮೌನಾ ಲೋವಾದ ಅಳತೆ ಮಾತ್ರ ಇವರು ಬಂದಾಗಲೂ ಏರಿತು, ಅವರು ಬಂದಾಗಲೂ ಏರಿತು.

ಆ ಹಿಮದ ಉಂಡೆಯನ್ನು ನೋಡಿ ನಾವು ನಗುವಂತಿಲ್ಲ. "ಈ ವರ್ಷ ಭರಣಿ ಮಳೆ ಚೆನ್ನಾಗಿ ಬಂದದ ಕಣಪ್ಪ, ಇನ್ನೆಲ್ಲಿಯ ಬದಲಾವಣೆ" ಎಂದು ನನ್ನನ್ನು ಕೇಳಿದವರು ಇಲ್ಲೇ ನಾಲ್ಕಾರು ಮಂದಿ ಇದ್ದೀರಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬುದು ನಿಜ. ಆದರೆ ಒಂದು ಭರಣಿಯಿಂದ ಹವಾಗುಣವನ್ನು ಅಳೆಯಲಾಗದು. ಹಾಗೆಯೇ ಒಂದು ಬರದಿಂದಲೂ ಅಳೆಯಲಾಗದು. ೨೦೨೩ರ ಬರವೇ ಹವಾಗುಣ ಬದಲಾವಣೆಗೆ ರುಜುವಾತೆಂದು ಇನ್ನೊಂದು ಕಡೆಯವರು ಮೇಜು ಕುಟ್ಟಿದರೆ ಅದೂ ಒಂದು ಹಿಮದ ಉಂಡೆಯೇ. ಆ ವರ್ಷ ಶಾಂತ ಸಾಗರದ ನೀರು ಬಿಸಿಯಾಗುವ ಎಲ್ ನಿನೋ ಇತ್ತು. ಅದು ನಮ್ಮ ಅಜ್ಜಂದಿರ ಕಾಲದಲ್ಲಿಯೂ ಆಗಾಗ ಬಂದು ಮಳೆಯನ್ನು ಕೆಡಿಸಿದ್ದುಂಟು.

ನಮ್ಮ ದೇಶದ ಕಥೆ ಸ್ವಲ್ಪ ಬೇರೆ. ನಮ್ಮಲ್ಲಿ ಅಧಿಕಾರಕ್ಕೆ ಬಂದ ಯಾವ ಪಕ್ಷದ ಸರ್ಕಾರವೂ ಭೂಮಿ ಬಿಸಿಯಾಗುತ್ತಿಲ್ಲವೆಂದು ಹೇಳಿ ಒಪ್ಪಂದ ಬಿಟ್ಟು ಬಂದಿಲ್ಲ. ನಮ್ಮ ತಕರಾರು, ಸಾಲ ಮಾಡಿದವರು ಯಾರು, ತೀರಿಸುವವರು ಯಾರು ಎಂಬುದು. ಇಲ್ಲಿಯವರೆಗೆ ಗಾಳಿಗೆ ಸೇರಿದ ಈ ಅನಿಲದಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದೇ. ಇಂದಿಗೂ ತಲೆಗೆ ಲೆಕ್ಕ ಹಾಕಿದರೆ ಅಲ್ಲಿಯವನೊಬ್ಬನ ಪಾಲು ನಮ್ಮವನ ಪಾಲಿಗಿಂತ ಹಲವು ಪಟ್ಟು ಹೆಚ್ಚು. ಈ ತಕರಾರು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಅಂದು ಎದ್ದ ತಮ್ಮನು, "ಬಿಳಿಯರು ಹೊಗೆ ಬಿಟ್ಟು ನಮಗೆ ಬುದ್ಧಿ ಹೇಳುತ್ತಾರೆ" ಎಂದದ್ದರಲ್ಲಿ ಅರ್ಧ ನಿಜವಿದೆ. ಆದರೆ ಸಾಲ ಯಾರದೆಂಬ ವ್ಯಾಜ್ಯವಿದ್ದ ಮಾತ್ರಕ್ಕೆ ಸಾಲವೇ ಇಲ್ಲವೆಂದಾಗುವುದಿಲ್ಲ.

ವಿಜ್ಞಾನಿಗಳು ತಪ್ಪುವುದಿಲ್ಲವೇ ಎಂದು ಕೇಳಬಹುದು. ತಪ್ಪುತ್ತಾರೆ. ೨೦೦೭ರ ಐಪಿಸಿಸಿ ವರದಿಯಲ್ಲಿ ಹಿಮಾಲಯದ ಹಿಮನದಿಗಳು ೨೦೩೫ರ ವೇಳೆಗೆ ಕರಗಿ ಹೋಗಬಹುದೆಂದು ಬರೆದುಬಿಟ್ಟಿದ್ದರು. ೨೦೦೯ರಲ್ಲಿ ಆಗಿನ ಪರಿಸರ ಮಂತ್ರಿ ಜೈರಾಮ್ ರಮೇಶ್ ಅವರ ಇಲಾಖೆಯು, ಭೂವಿಜ್ಞಾನಿ ವಿ. ಕೆ. ರೈನಾ ಅವರಿಂದ ಬರೆಸಿದ ಪತ್ರವೊಂದನ್ನು ಪ್ರಕಟಿಸಿ ಆ ಮಾತನ್ನು ಪ್ರಶ್ನಿಸಿತು. ಐಪಿಸಿಸಿಯ ಅಧ್ಯಕ್ಷರಾಗಿದ್ದ ಆರ್. ಕೆ. ಪಚೌರಿ ಸಿಟ್ಟಾಗಿ, ಅದು ಮಾಟಮಂತ್ರದ ವಿಜ್ಞಾನವೆಂಬ ಅರ್ಥದಲ್ಲಿ ಹೀಯಾಳಿಸಿದರು. ಕೊನೆಗೆ ೨೦೧೦ರ ಜನವರಿಯಲ್ಲಿ ಮಂಡಲಿಯು ೨೦೩೫ರ ಮಾತು ತಪ್ಪೆಂದು ಒಪ್ಪಿ ಹಿಂದಕ್ಕೆ ಪಡೆಯಿತು. ಹೀಯಾಳಿಸಿದ್ದು ಸರಿಯಲ್ಲ, ಒಪ್ಪಿಕೊಂಡದ್ದು ಸರಿ. ಸೊಸೈಟಿಯ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ತಪ್ಪಾದರೆ ಆ ಸಾಲನ್ನು ತಿದ್ದುತ್ತೇವೆ. ಪುಸ್ತಕವನ್ನೇ ಒಲೆಗೆ ಹಾಕಿ, ನಾನು ಸಾಲವನ್ನೇ ತೆಗೆದಿರಲಿಲ್ಲ ಎನ್ನುವವನನ್ನು ನೀವು ಏನೆನ್ನುತ್ತೀರೋ ನನಗೆ ಗೊತ್ತು. ಹಿಮಾಲಯದ ಹಿಮನದಿಗಳು ಕರಗುತ್ತಿರುವುದು ನಿಜವೇ. ಆ ಗಡುವು ಮಾತ್ರ ಸುಳ್ಳಾಯಿತು.

ಈಗ ನಮ್ಮ ಬೆಟ್ಟದ ಆಚೆಗೆ ಬರೋಣ. ಗುಂಡ್ಲುಪೇಟೆಯಿಂದ ಬಂಡೀಪುರ ಹಾದು ಹೋದರೆ ವಯನಾಡು. ನಮ್ಮ ತರಕಾರಿ ಹೋಗುವುದು ಅಲ್ಲಿಗೆ, ನಮ್ಮ ಕೆರೆ ತುಂಬಿಸುವ ಕಬಿನಿ ಹುಟ್ಟುವುದು ಅಲ್ಲಿ. ೨೦೨೪ರ ಜುಲೈ ೩೦ರ ಬೆಳಗಿನ ಜಾವ ಅಲ್ಲಿಯ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಬೆಟ್ಟ ಜಾರಿ ಬಿದ್ದಿತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಮಾರನೆಯ ದಿನವೇ ಕೇಂದ್ರ ಗೃಹಮಂತ್ರಿ ಅಮಿತ್ ಶಾ ಅವರು ರಾಜ್ಯಸಭೆಯಲ್ಲಿ, ಜುಲೈ ೨೩ರಿಂದಲೇ ಎಚ್ಚರಿಕೆ ಕೊಟ್ಟಿದ್ದೆವು ಎಂದರು. ಕೇರಳದ ಆಗಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರು, ದುರಂತಕ್ಕೆ ಮೊದಲು ಅಲ್ಲಿಗೆ ಕೆಂಪು ಎಚ್ಚರಿಕೆ ಬಂದಿರಲಿಲ್ಲ ಎಂದರು. ಮಣ್ಣಿನಡಿ ಹೆಣ ಹುಡುಕುತ್ತಿರುವಾಗಲೇ ಮೇಲೆ ಚೀಟಿಯ ಜಗಳ. ಅನಂತರ ನಾನಾ ದೇಶಗಳ ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದ್ದೇನೆಂದರೆ, ಭೂಮಿ ಬಿಸಿಯಾಗಿರುವುದರಿಂದ ಅಂಥ ಒಂದು ದಿನದ ಮಳೆ ನೂರಕ್ಕೆ ಸುಮಾರು ಹತ್ತು ಪಾಲು ಹೆಚ್ಚು ಜೋರಾಗಿದೆ ಎಂದು. ಬೆಟ್ಟದ ಮೈಮೇಲಿನ ಕಾಡು ಹೋಗಿದ್ದೂ ಒಂದು ಕಾರಣವಾಗಿರಬಹುದು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಮಂತ್ರಿಮಂಡಲವು ಪಶ್ಚಿಮ ಘಟ್ಟದ ಕಸ್ತೂರಿರಂಗನ್ ವರದಿಯನ್ನು ಒಪ್ಪುವುದಿಲ್ಲವೆಂದು ತೀರ್ಮಾನಿಸಿತು. ಆ ವರದಿಯ ಆಧಾರದ ಮೇಲೆ ಕೇಂದ್ರವು ಹೊರಡಿಸಿದ ಕರಡಿನಲ್ಲಿ ನಮ್ಮ ರಾಜ್ಯದ ೨೦,೬೬೮ ಚದರ ಕಿಲೋಮೀಟರು ಇತ್ತು. ಹತ್ತು ಜಿಲ್ಲೆಗಳಲ್ಲಿ ನಮ್ಮ ಚಾಮರಾಜನಗರವೂ ಒಂದು. ಹಿಂದೆ ಬೇರೆ ಪಕ್ಷದ ಸರ್ಕಾರವಿದ್ದಾಗಲೂ ಇದೇ ಉತ್ತರ ಹೋಗಿತ್ತು. ಬೇರೆಲ್ಲದರಲ್ಲಿ ಜಗಳವಾಡುವವರು ಇದರಲ್ಲಿ ಒಂದಾದರು ಎಂಬುದು ತಮಾಷೆ. ಕಾಡಂಚಿನ ರೈತನಿಗೆ ತನ್ನ ಜಮೀನಿನ ಮೇಲೆ ನಿರ್ಬಂಧ ಬಂದೀತೆಂಬ ಭಯವಿದೆ. ಆ ಭಯ ಸುಳ್ಳಲ್ಲ. ಅವನನ್ನು ಕೇಳದೆ ನಕ್ಷೆ ಎಳೆಯುವುದೂ ತಪ್ಪು. ನಿರ್ಬಂಧ ಬೇಡವೆಂದು ವಾದಿಸಿ, ಅದು ನಿಮ್ಮ ಹಕ್ಕು. ಬೆಟ್ಟ ಜಾರುವುದಿಲ್ಲವೆಂದು ಮಾತ್ರ ವಾದಿಸಬೇಡಿ. ಮೊದಲನೆಯದನ್ನು ಓಟಿನಿಂದ ತೀರ್ಮಾನಿಸಬಹುದು, ಎರಡನೆಯದಕ್ಕೆ ಓಟಿಲ್ಲ.

ಬರದ ಪರಿಹಾರದಲ್ಲಿಯೂ ಹೀಗೆಯೇ ಆಯಿತು. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಿದರು. ಹಣ ಬರಲಿಲ್ಲವೆಂದು ರಾಜ್ಯ ಸರ್ಕಾರ ೨೦೨೪ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಮನವಿ ತಡವಾಯಿತೋ ಉತ್ತರ ತಡವಾಯಿತೋ ಎಂದು ಎರಡು ಕಡೆಯವರೂ ವಾದಿಸಿದರು. ಆದರೆ ಮಳೆ ಬಂದಿತ್ತೆಂದು ಯಾವ ಕಡೆಯ ವಕೀಲರೂ ಹೇಳಲಿಲ್ಲ. ಏಕೆ? ಮಳೆಯ ಅಳತೆ ಕಾಗದದ ಮೇಲಿತ್ತು. ಅಳತೆ ಇದ್ದುದರಿಂದಲೇ ಮನವಿ ನಿಂತಿತು.

ಆ ವರ್ಷದ ಮಾತು ಬಂದಾಗ ನನ್ನ ತಪ್ಪೊಂದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ನನಗೆ ಆಗ ಹೆಚ್ಚು ಕಾಲವಾಗಿರಲಿಲ್ಲ. ಆಗಸ್ಟಿನಲ್ಲಿ ಮಳೆ ವಾಡಿಕೆಗಿಂತ ಕಡಮೆಯಾಗಬಹುದೆಂದು ಹವಾಮಾನ ಇಲಾಖೆ ಜುಲೈ ೩೧ರಂದು ಹೇಳಿತ್ತು. ಅದನ್ನು ಚೀಟಿಯಲ್ಲಿ ಬರೆದುಕೊಂಡು ನಾನು ಒಂದು ಹಳ್ಳಿಯ ಸಭೆಗೆ ಹೋದೆ. ಊರಿನ ಹೆಸರು ಬೇಡ. ಅಲ್ಲಿ ಆಗಲೇ ಜಗಳ ಹತ್ತಿತ್ತು. "ಬರ ಬರ ಎಂದು ಹೇಳಿ ಸರ್ಕಾರಕ್ಕೆ ಕೆಟ್ಟ ಹೆಸರು ತರುತ್ತಾರೆ" ಎಂದು ಒಬ್ಬರು, "ಇವರ ಕಾಲು ಗುಣದಿಂದಲೇ ಮಳೆ ಹೋಯಿತು" ಎಂದು ಇನ್ನೊಬ್ಬರು. ಈಗ ಚೀಟಿ ಓದಿದರೆ ನಾನು ಇಂಥವರ ಕಡೆಯವನೆಂದು ಹೆಸರು ಬರುತ್ತದೆಂದು ಅಂಜಿ, ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. "ನಿಮ್ಮ ಅನುಭವ ನಿಮಗೆ ತಿಳಿದದ್ದೇ" ಎಂದು ಎರಡು ಮಾತು ಹೇಳಿ ಕುಳಿತೆ.

ಸಭೆ ಮುಗಿದ ಮೇಲೆ ರೈತರೊಬ್ಬರು ಬಂದು, ಬೇಗ ಬರುವ ರಾಗಿ ಹಾಕಲೋ, ತಡವಾಗಿ ಬರುವುದನ್ನು ಹಾಕಲೋ ಎಂದು ಕೇಳಿದರು. ನಾನು ಅತ್ತ ಇತ್ತ ಹೇಳಿದೆ. ಅವರು ಇಳುವರಿಯ ಆಸೆಗೆ ದೀರ್ಘಾವಧಿಯ ತಳಿಯನ್ನೇ ಬಿತ್ತಿ, ಸಾಲ ಮಾಡಿ ಗೊಬ್ಬರ ಕೊಟ್ಟರು. ಆ ಆಗಸ್ಟು ೧೯೦೧ರಿಂದೀಚೆಗೆ ಇಡೀ ದೇಶಕ್ಕೆ ಅತ್ಯಂತ ಒಣ ಆಗಸ್ಟಾಯಿತು. ಅವರ ರಾಗಿ ತೆನೆ ಹಾಯಲಿಲ್ಲ. ಕುಯ್ದು ದನಕ್ಕೆ ಹಾಕಿದರು. ಚಳಿಗಾಲದಲ್ಲಿ ಜೋಡೆತ್ತಿನಲ್ಲಿ ಒಂದನ್ನು ಮಾರಿದರು. ಒಂಟಿ ಎತ್ತಿನ ರೈತನ ಕಷ್ಟ ನಿಮಗೆ ಗೊತ್ತು. ಪಕ್ಕದವರ ಎತ್ತು ಬಿಡುವಾಗುವ ತನಕ ಹದ ಕಾಯುವುದಿಲ್ಲ. ಒಂದು ದಿನ ರಸ್ತೆಯಲ್ಲಿ ಸಿಕ್ಕಿ, ಬೈಯದೆ, ಮೆಲ್ಲಗೆ ಕೇಳಿದರು: "ನಿನ್ನ ಜೇಬಲ್ಲಿ ಚೀಟಿ ಇತ್ತಂತಲ್ಲಪ್ಪ?" ನಾನು ಉತ್ತರ ಕೊಡಲಾರದೆ ನಿಂತೆ. ಬೇಗ ಬರುವ ತಳಿ ಹಾಕಿದ್ದರೂ ಅವರಿಗೆ ಪೂರಾ ಬೆಳೆ ಸಿಗುತ್ತಿರಲಿಲ್ಲ. ಆದರೆ ಗೊಬ್ಬರದ ಸಾಲವಾದರೂ ಅಷ್ಟು ಆಗುತ್ತಿರಲಿಲ್ಲ.

ನನಗೂ ಒಂದು ಓಟಿದೆ. ಅದನ್ನು ಮತಗಟ್ಟೆಯಲ್ಲಿ ಹಾಕುತ್ತೇನೆ. ಆದರೆ ಅಂದಿನಿಂದ ಚೀಟಿಯನ್ನು ಜೇಬಿಗೆ ಹಾಕುವುದಿಲ್ಲ. ಯಾರು ಏನೆಂದರೂ ಓದುತ್ತೇನೆ. ಮುನ್ಸೂಚನೆ ತಪ್ಪಿದಾಗ ತಪ್ಪಿತೆಂದೂ ಹೇಳುತ್ತೇನೆ. ಈ ಸಲದ ಚೀಟಿಯನ್ನು ಶಾಲೆಯ ಬಾಗಿಲಿಗೆ ಅಂಟಿಸಿದ್ದೇನೆ. ರಾಗಿಯ ವಿಷಯದಲ್ಲಿ ನನ್ನ ಸಲಹೆ ಇಷ್ಟೆ: ಹದವಾದ ಮಳೆ ಸಕಾಲಕ್ಕೆ ಸಿಕ್ಕರೆ ಜಿಪಿಯು-೨೮, ತಡವಾದರೆ ಇಂಡಾಫ್-೯ರಂಥ ಬೇಗ ಬರುವ ತಳಿ, ಅದಕ್ಕೂ ತಡವಾದರೆ ಹುರುಳಿ. ಇಂಡಾಫ್ ತಳಿಗಳನ್ನು ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಕೂಡಿಕೆ ಮಾಡಿ ತೆಗೆದರು. ಆ ಬೀಜ ಹಿಡಿಯುವಾಗ ನಿಮ್ಮ ತಂದೆಯವರು ತೆನೆಯನ್ನು ನೋಡಿದರು, ತಂದುಕೊಟ್ಟವರ ಪಕ್ಷ ಕೇಳಲಿಲ್ಲ.

ಕೊನೆಯದಾಗಿ ಮಳೆಮಾಪಕದ ಸಂಗತಿ. ಪಂಚಾಯಿತಿಗಳಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಾಪಕಗಳಿವೆ. ಹವಾಮಾನ ಆಧಾರಿತ ಬೆಳೆ ವಿಮೆಗೆ ಅಂಥ ಮಾಪಕಗಳ ಲೆಕ್ಕವನ್ನೇ ಹಿಡಿಯುತ್ತಾರೆ. ಆದರೆ ಕಣ್ಣಿಗೆ ಕಾಣದ ಲೆಕ್ಕದ ಮೇಲೆ ನಂಬಿಕೆ ಬಾರದೆಂದು ನೀವೇ ಅಂದಿರಿ. ಆದುದರಿಂದ ಆ ಜಗಳದ ಸಭೆಯಾದ ಮುಂದಿನ ವಾರ ಶಾಲೆಯ ಅಂಗಳದಲ್ಲಿ ಕೈಯಿಂದ ಅಳೆಯುವ ಮಾಪಕವೊಂದನ್ನು ಇಟ್ಟೆವು. ಒಂದು ಮಿಲಿಮೀಟರು ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರು ನೀರು. ಇಪ್ಪತ್ತೈದು ಮಿಲಿಮೀಟರು ಬಿದ್ದರೆ ನಿಮ್ಮ ಒಂದು ಎಕರೆಗೆ ಸುಮಾರು ಒಂದು ಲಕ್ಷ ಲೀಟರು ಬಿದ್ದಂತೆ. ಅದರಲ್ಲಿ ಬದುವಿನೊಳಗೆ ಎಷ್ಟು ಉಳಿಯಿತು, ಕೃಷಿ ಹೊಂಡಕ್ಕೆ ಎಷ್ಟು ಇಳಿಯಿತು, ಹಳ್ಳಕ್ಕೆ ಎಷ್ಟು ಹೋಯಿತು ಎಂಬುದು ಮುಂದಿನ ಸಭೆಯ ಮಾತು.

ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆಯುವುದಕ್ಕೆ ಇಬ್ಬರನ್ನು ಒಪ್ಪಿಸಿದೆವು. ಯಾರೆಂದು ನಿಮಗೆ ಗೊತ್ತು: ಅಂದು ಎದ್ದ ತಮ್ಮ ಒಬ್ಬ, ಅವನಿಗೆ ಎದುರು ಮಾತಾಡಿದ ಅಣ್ಣ ಒಬ್ಬರು. ಇಬ್ಬರಿಗೂ ಬೇರೆ ಬೇರೆ ಪುಸ್ತಕ. ಒಬ್ಬರ ಪುಸ್ತಕಕ್ಕೆ ಇನ್ನೊಬ್ಬರ ರುಜು. ಮೂರನೆಯ ಮಳೆಗೇ ತಕರಾರು ಬಂದಿತು. ಒಬ್ಬರದು ಹದಿನೆಂಟು, ಇನ್ನೊಬ್ಬನದು ಇಪ್ಪತ್ತು. ಇದರಲ್ಲಿಯೂ ರಾಜಕೀಯವೇ ಎಂದು ನಾನು ಹೆದರಿದೆ. ಆರನೆಯ ತರಗತಿಯ ಹುಡುಗಿಯೊಬ್ಬಳು ನೋಡುತ್ತ ನಿಂತಿದ್ದವಳು, "ನೀವು ನಿಂತುಕೊಂಡು ಮೇಲಿಂದ ನೋಡ್ತಿದ್ದೀರಿ ಮಾವ, ಅದಕ್ಕೇ ಹೆಚ್ಚು ಕಾಣ್ತದೆ, ಗಾಜನ್ನು ಕಟ್ಟೆ ಮೇಲಿಟ್ಟು ಕಣ್ಣಿನ ನೇರಕ್ಕೆ ಬಗ್ಗಿ ನೋಡಬೇಕು" ಎಂದಳು. ಬಗ್ಗಿ ನೋಡಿದರು. ಇಬ್ಬರಿಗೂ ಹದಿನೆಂಟೇ ಬಂದಿತು. ಆ ದಿನದ ಪುಟದಲ್ಲಿ ಇಪ್ಪತ್ತನ್ನು ಹೊಡೆದು ಹದಿನೆಂಟು ಬರೆದು, ಇಬ್ಬರೂ ರುಜು ಮಾಡಿದ್ದಾರೆ.

ಪುಸ್ತಕಗಳೆರಡೂ ಶಾಲೆಯ ಬೀರುವಿನಲ್ಲಿವೆ. ಬೇಕಾದವರು ಎಂಟೂವರೆಗೆ ಬಂದರೆ ಗಾಜನ್ನೂ ನೋಡಬಹುದು, ಪುಸ್ತಕವನ್ನೂ ನೋಡಬಹುದು.